ಹೀಟ್ ಪಂಪಿಗೆ ಮೊದಲ ಚಾಲನೆ
ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮನೆಗಳಿಗೆ ಹೀಟ್ ಪಂಪ್ ಕೂರಿಸುವುದು ನನ್ನ ಕಸುಬು. ಹೊರಗಿನ ಗಾಳಿಯ ಶಾಖವನ್ನು ಹೀರಿ ರೇಡಿಯೇಟರಿನ ನೀರಿಗೆ ಕೊಡುವ ಈ ಯಂತ್ರ, ಸರಿಯಾಗಿ ಹೊಂದಿಸಿದರೆ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಕೊಡಬಲ್ಲದು.

ಯಂತ್ರ ಕೂರಿಸಿದ ಮೇಲೆ, ಮೊದಲು ಕೊಳವೆಗಳನ್ನು ತೊಳೆದು ಕಸ ತೆಗೆಯುತ್ತೇನೆ. ಪ್ರತಿ ರೇಡಿಯೇಟರಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುತ್ತೇನೆ. ಹೋಗುವ ನೀರಿಗೂ ಮರಳುವ ನೀರಿಗೂ ಸುಮಾರು 5 ಡಿಗ್ರಿ ಅಂತರ ಬರುವಂತೆ ಹರಿವನ್ನು ಹದಗೊಳಿಸುತ್ತೇನೆ.

ಇನ್ನು ಅತಿಮುಖ್ಯ ಕೆಲಸ: ಹೊರಗಿನ ಚಳಿಗೆ ತಕ್ಕಷ್ಟೇ ನೀರಿನ ಬಿಸಿ ಏರುವಂತೆ ಸೆಟ್ಟಿಂಗ್ ಮಾಡುವುದು. 55 ಡಿಗ್ರಿಯ ಬದಲು 40ರಲ್ಲೇ ಮನೆ ಬೆಚ್ಚಗಿದ್ದರೆ ಬಿಲ್ಲು ಚೆನ್ನಾಗಿ ಇಳಿಯುತ್ತದೆ. ಈ ಕೆಲಸಕ್ಕೆ ಅವಸರ ಸಲ್ಲದು.

ಮನೆಯವರಿಗೆ ನನ್ನ ಮಾತಿಷ್ಟೆ: ಅಳತೆಗಳನ್ನೆಲ್ಲ ಬರೆದ ವರದಿ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.