ಐದು ತಾಲ್ಲೂಕಿನ ಬಳ್ಳಾರಿ: ಇನ್ನೂ ಎಣಿಸದ ಜಿಲ್ಲೆ

ಬಳ್ಳಾರಿ, ಸಂಡೂರು, ಸಿರುಗುಪ್ಪ, ಕುರುಗೋಡು, ಕಂಪ್ಲಿ. ಇವತ್ತಿನ ಬಳ್ಳಾರಿ ಜಿಲ್ಲೆ ಎಂದರೆ ಇಷ್ಟೇ. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೇರಿ ವಿಜಯನಗರ ಜಿಲ್ಲೆಯಾದವು. ಅದೇ ವರ್ಷ ನಡೆಯಬೇಕಿದ್ದ ಜನಗಣತಿ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು. ಹಾಗಾಗಿ ಈ ಐದು ತಾಲ್ಲೂಕಿನ ಜಿಲ್ಲೆಯನ್ನು ಯಾವ ಗಣತಿಯೂ ಒಂದು ಜಿಲ್ಲೆಯೆಂದು ಎಣಿಸಿಲ್ಲ. 2011ರ 24,52,595 ಎಂಬ ಸಂಖ್ಯೆಯನ್ನು ಈಗಲೂ ಭಾಷಣಗಳಲ್ಲಿ ಕೇಳುತ್ತೇವೆ. ಅದು ಹಂಪಿ, ಹೊಸಪೇಟೆಗಳನ್ನೂ ಒಳಗೊಂಡಿದ್ದ ಹಳೆಯ ಬಳ್ಳಾರಿಯ ಲೆಕ್ಕ.

ಹೊರಗಿನವರಿಗೆ ಬಳ್ಳಾರಿ ಎಂದರೆ ಗಣಿ, ಇಲ್ಲವೇ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದ 1999ರ ಲೋಕಸಭಾ ಚುನಾವಣೆ. ಅದಿರಿನ ಬೆಟ್ಟಗಳಿರುವುದು ಸಂಡೂರಿನ ಕಡೆ. ನಗರದಿಂದ ಉತ್ತರಕ್ಕೆ, ಕುರುಗೋಡು ಮತ್ತು ಸಿರುಗುಪ್ಪದ ದಾರಿ ಹಿಡಿದರೆ ಕಾಣುವ ಬಳ್ಳಾರಿಯೇ ಬೇರೆ. ಚಪ್ಪಟೆಯಾದ ಎರೆ ನೆಲ, ನಡುನಡುವೆ ಬರೀ ಬಂಡೆಯ ಗುಡ್ಡ, ಆಮೇಲೆ ಕಾಲುವೆ, ಕಾಲುವೆಯಾಚೆ ಕಣ್ಣು ಹಾಯುವವರೆಗೂ ಭತ್ತ. ಮುಂಗಾರು ಮಲೆನಾಡಿನಲ್ಲೇ ಸುರಿದು, ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಎರೆಯ ರೈತ ಹಿಂಗಾರನ್ನೇ ನಂಬಿ ಜೋಳ, ಕಡಲೆ, ಹತ್ತಿ ಬಿತ್ತಿಕೊಂಡು ಬಂದವನು. ಆ ಬೆಳೆಗಳಿಗಾಗಿಯೇ 1906ರಲ್ಲಿ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಶುರುವಾಯಿತು.

ಹಗರಿ ಎನ್ನುವುದು ವೇದಾವತಿಗೆ ನಮ್ಮ ಸೀಮೆಯ ಹೆಸರು. ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು, ವಾಣಿವಿಲಾಸ ಸಾಗರದಲ್ಲಿ ತಂಗಿ, ಆಂಧ್ರಕ್ಕೆ ಹೋಗಿ ಮತ್ತೆ ಬಳ್ಳಾರಿಗೆ ಬರುವ ಈ ಹೊಳೆಯಲ್ಲಿ ವರ್ಷದ ಬಹುಪಾಲು ಕಾಣುವುದು ಮರಳು. ಸಿರುಗುಪ್ಪ ತಾಲ್ಲೂಕಿನಲ್ಲಿ ಅದು ತುಂಗಭದ್ರೆಯನ್ನು ಸೇರುತ್ತದೆ.

ಮನುಷ್ಯ ಇಲ್ಲಿ ನೆಲೆ ನಿಂತದ್ದು ಬಹಳ ಹಿಂದೆ. ನಗರಕ್ಕೆ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ತಯಾರಿಸುತ್ತಿದ್ದರು. ಕುಡತಿನಿ ಹತ್ತಿರದ ಬೂದಿದಿಬ್ಬ ಅವರ ದನದ ಹಟ್ಟಿಗಳ ಸಗಣಿ ಸುಟ್ಟು ಬೆಳೆದದ್ದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿ ಈ ನೆಲೆಗಳನ್ನು ಲೋಕದ ಕಣ್ಣಿಗೆ ತಂದರು. ಅವರ ಹೆಸರಿನ ವಸ್ತು ಸಂಗ್ರಹಾಲಯ ಬಳ್ಳಾರಿಯಲ್ಲೇ ಇದೆ. ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ಕೆತ್ತನೆಗಳಿವೆ. ಕೆಲವು ಬಂಡೆಗಳಲ್ಲಿ ತಟ್ಟಿ ತಟ್ಟಿ ನುಣುಪಾದ ಕುಳಿಗಳಿವೆ. ಅಲ್ಲಿ ಸಣ್ಣ ಕಲ್ಲಿನಿಂದ ಬಡಿದರೆ ಲೋಹದ ದನಿ ಹೊರಡುತ್ತದೆ. ಇಂಥ ಜಾಗದ ಆಸುಪಾಸಿನಲ್ಲೇ ಕಲ್ಲು ಕ್ವಾರಿಗಳು ಕೆಲಸ ಮಾಡಿವೆ ಎಂಬುದು ನನಗೆ ಇಂದಿಗೂ ಹೊಟ್ಟೆ ಉರಿಸುವ ಸಂಗತಿ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಇದೇ ಕಾಲದ ವಸತಿಯನ್ನು 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆದು ತೋರಿಸಿದರು. ಇದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ದೇಶದ ಹೆಚ್ಚಿನ ಶಾಸನಗಳಲ್ಲಿ ಅಶೋಕ ಬರೀ ‘ದೇವಾನಾಂಪ್ರಿಯ’. ಅವನ ಹೆಸರನ್ನೇ ಬಿಡಿಸಿ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಮಸ್ಕಿಯ ಜೊತೆಗೆ ಈ ಎರಡೂ ಸೇರುತ್ತವೆ. ಮಸ್ಕಿಯ ಹೆಸರು ಶಾಲೆಯ ಪಾಠದಲ್ಲಿ ಬರುತ್ತದೆ, ನಿಟ್ಟೂರು ಬರುವುದಿಲ್ಲ. ಸಿರುಗುಪ್ಪದ ಮಕ್ಕಳನ್ನಾದರೂ ಕರೆದೊಯ್ದು ಅದನ್ನು ತೋರಿಸಬೇಕು.

ಕುರುಗೋಡು ಹನ್ನೆರಡನೇ ಶತಮಾನದಲ್ಲಿ ಸಿಂದರ ರಾಜಧಾನಿ. ಬೆಟ್ಟದ ಕೋಟೆ, ಹಳೆಯ ಗುಡಿಗಳ ಸಾಲು, ದೊಡ್ಡಬಸವೇಶ್ವರನ ಏಕಶಿಲೆಯ ನಂದಿ ಇಂದಿಗೂ ಇವೆ. ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರ್ ಅಲಿಯ ಕಾಲದ್ದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಏಳು ವರ್ಷ ಇಲ್ಲಿದ್ದು ರೈತವಾರಿ ಪದ್ಧತಿಗೆ ತಳಪಾಯ ಹಾಕಿದ. 1808ರಲ್ಲಿ ಬಳ್ಳಾರಿ ಪ್ರತ್ಯೇಕ ಜಿಲ್ಲೆಯಾಯಿತು.

ಆ ಜಿಲ್ಲೆಯ ತಲೆ ಎಣಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 1871 ಮತ್ತು 1881ರ ಅಂಕಿಗಳು. ನಡುವೆ ಬಂದದ್ದು 1876–78ರ ಬರ. ಮಳೆ ಕೈಕೊಟ್ಟಿತು, ಕಾಳಿನ ಬೆಲೆ ಏರಿತು, ಗಂಜಿ ಕೇಂದ್ರ ಮತ್ತು ಪರಿಹಾರ ಕಾಮಗಾರಿಗಳ ಮುಂದೆ ಜನ ನೆರೆದರು. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹತ್ತು ವರ್ಷದಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬಿಡಿಸಿ ಹೇಳುವ ಶಕ್ತಿ ಆ ಪಟ್ಟಿಗಿಲ್ಲ. ಐದು ಮನೆಯ ಓಣಿಯಲ್ಲಿ ಒಂದು ಮನೆಯ ಒಲೆ ಆರಿತು ಎಂದು ಓದಿಕೊಂಡರೆ ಮಾತ್ರ ಅದರ ಭಾರ ತಿಳಿಯುತ್ತದೆ. ಮರುವರ್ಷವೇ, 1882ರಲ್ಲಿ, ಅನಂತಪುರ ಬೇರೆ ಜಿಲ್ಲೆಯಾಯಿತು. ಮುಂದಿನ ಗಣತಿಯ ಬಳ್ಳಾರಿ ಇನ್ನೂ ಚಿಕ್ಕದು.

ಭಾಷೆಯ ಗೆರೆ ಬಂದದ್ದು 1953ರಲ್ಲಿ. ಆಂಧ್ರ ರಾಜ್ಯ ಹುಟ್ಟುವಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ ತಾಲ್ಲೂಕಿನ ಮೇಲೆ ಆಂಧ್ರ, ಮೈಸೂರು ಎರಡೂ ಕಡೆಯವರು ಹಕ್ಕು ಹೂಡಿದ್ದರಿಂದ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಗೆ ವಿಚಾರಣೆ ವಹಿಸಲಾಯಿತು. ಅವರ ವರದಿಯಂತೆ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ವಿಲೀನೋತ್ಸವದ ಚಪ್ಪರ ಕಾಯುತ್ತಿದ್ದಾಗ ಆ್ಯಸಿಡ್ ದಾಳಿಗೆ ಬಲಿಯಾದ ಪೈಲ್ವಾನ್ ರಂಜಾನ್ ಸಾಬರ ಹೆಸರನ್ನು ಈ ಊರು ಮರೆಯಬಾರದು. ಗೆರೆ ಎಳೆದದ್ದರಿಂದ ಬೀದಿಯ ಮಾತು ಬದಲಾಗಲಿಲ್ಲ. ನಮ್ಮ ಗಾಂಧಿನಗರದಲ್ಲಿ ಮನೆಯಲ್ಲಿ ಕನ್ನಡ, ಪಕ್ಕದವರೊಡನೆ ತೆಲುಗು, ಅಂಗಡಿಯಲ್ಲಿ ಉರ್ದು ಎನ್ನುವುದು ಯಾರಿಗೂ ವಿಶೇಷವಲ್ಲ. ಬಳ್ಳಾರಿ ರಾಘವರು ಕನ್ನಡ, ತೆಲುಗು ಎರಡೂ ಭಾಷೆಯ ರಂಗದ ಮೇಲೆ ನಿಂತದ್ದು ಇದೇ ಊರಿನ ನಟನಾಗಿ.

ಅದೇ 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯೂ ಮುಗಿಯಿತು. ಬರದ ಜಿಲ್ಲೆಯ ಹಣೆಬರಹ ಬದಲಾದದ್ದು ರಾಜ್ಯದ ಗೆರೆಗಿಂತ ಹೆಚ್ಚಾಗಿ ಇದರಿಂದ ಎಂದೇ ನನ್ನ ಎಣಿಕೆ. ಎರೆ ನೆಲಕ್ಕೆ ನೀರು ಬಿಟ್ಟರೆ ಏನಾದೀತು ಎಂದು ತಿಳಿಯಲು ಸಿರುಗುಪ್ಪದಲ್ಲಿ 1937ರಷ್ಟು ಹಿಂದೆಯೇ ಸಂಶೋಧನಾ ಕೇಂದ್ರ ತೆರೆದಿದ್ದರು. ಬಲದಂಡೆಯ ಕೆಳಮಟ್ಟದ ಕಾಲುವೆ ಕಂಪ್ಲಿ, ಕುರುಗೋಡು, ಸಿರುಗುಪ್ಪ ಸೀಮೆ ಹಾದು ಕರ್ನೂಲಿಗೆ ಹೋಗುತ್ತದೆ. ರೈತರ ಬಾಯಲ್ಲಿ ಅದು ‘ಎಲ್‌ಎಲ್‌ಸಿ’. ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಭತ್ತ ಬಲ್ಲ ಕುಟುಂಬಗಳು ಬಂದು ಜಮೀನು ಹಿಡಿದವು. ಅವರು ಮನೆ ಕಟ್ಟಿಕೊಂಡ ಜಾಗಗಳೇ ‘ಕ್ಯಾಂಪ್’ಗಳು. ಈಗ ಅಲ್ಲಿ ಮೊಮ್ಮಕ್ಕಳ ಕಾಲ. ಸಿರುಗುಪ್ಪ ಪಟ್ಟಣ 2011ರಲ್ಲೇ 52 ಸಾವಿರ ದಾಟಿತ್ತು. ಕೊಯ್ಲಿನ ದಿನಗಳಲ್ಲಿ ರಸ್ತೆಯ ಒಂದು ಬದಿಯಲ್ಲಿ ಒಣಹಾಕಿದ ಭತ್ತ, ಅದನ್ನು ಕಾಲಿನಿಂದ ಸಾಲು ಮಾಡುತ್ತ ತಿರುವಿಹಾಕುವ ಹೆಂಗಸರು, ರೈಸ್ ಮಿಲ್ಲಿನ ಮುಂದೆ ಸರದಿ ನಿಂತ ಟ್ರ್ಯಾಕ್ಟರುಗಳು ಕಾಣುತ್ತವೆ.

ಈ ಸಿರಿ ನಿಂತಿರುವುದು ಎಂಥ ತೆಳು ಆಧಾರದ ಮೇಲೆ ಎಂದು ಎರಡು ಘಟನೆಗಳು ತೋರಿಸಿದವು. 2022ರ ಕೊನೆಗೆ ಬೈರದೇವನಹಳ್ಳಿ ಹತ್ತಿರ, ವೇದಾವತಿಯನ್ನು ದಾಟಿಸುವ ಎಲ್‌ಎಲ್‌ಸಿ ಮೇಲ್ಗಾಲುವೆಯ ಕಂಬವೊಂದು ಕುಸಿಯಿತು. ನಿಂತ ಪೈರಿಗೆ ನೀರಿಲ್ಲದೆ ರೈತರು ಹಗಲಿರುಳು ಅಲ್ಲೇ ಕಾದರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸಿದ ಕೆಲಸಗಾರರು ಲಕ್ಷಾಂತರ ಎಕರೆಯ ಬೆಳೆ ಉಳಿಸಿದರು. ಅದರೊಟ್ಟಿಗೆ ಹೂಳಿನ ಸಮಸ್ಯೆ ಇದ್ದೇ ಇದೆ. 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 106. ಅದರ ಪೆಟ್ಟು ಮೊದಲು ಬೀಳುವುದು ಕಾಲುವೆಯ ಕೊನೆಭಾಗದ ರೈತನಿಗೆ, ಅಂದರೆ ಹೆಚ್ಚಾಗಿ ಸಿರುಗುಪ್ಪದವನಿಗೆ.

ಇನ್ನು ಬರಲಿರುವ ಎಣಿಕೆ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿಯಲ್ಲಿ ಐದು ತಾಲ್ಲೂಕಿನ ಬಳ್ಳಾರಿಗೆ ಮೊದಲ ಸಲ ತನ್ನದೇ ಸಂಖ್ಯೆ ಸಿಗಲಿದೆ. ಬಳ್ಳಾರಿ ತಾಲ್ಲೂಕಿನಿಂದ ಬೇರ್ಪಟ್ಟ ಕುರುಗೋಡಿಗೂ ಪಟ್ಟಿಯಲ್ಲಿ ಸ್ವಂತ ಸಾಲು. ಹೋಲಿಕೆಗೆ ನೋಡಿ: ಅಮೆರಿಕದ ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿಗೆ ಸಿಕ್ಕಿದ್ದು 64 ಜನ. ಅಷ್ಟು ಸಣ್ಣ ಘಟಕವನ್ನೂ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಎಣಿಸುತ್ತಾರೆ. 2011ರಲ್ಲೇ ನಾಲ್ಕು ಲಕ್ಷ ಮೀರಿದ ನಗರವಿರುವ ನಮ್ಮ ಜಿಲ್ಲೆ ಇನ್ನೂ ಆ ಹಳೆಯ ಲೆಕ್ಕದ ಮೇಲೆ ಪಡಿತರ, ಶಾಲೆ, ಕುಡಿಯುವ ನೀರು ಹಂಚಿಕೊಳ್ಳುತ್ತಿದೆ. ಎಣಿಕೆ ನಡೆಯುವ ಫೆಬ್ರವರಿಯಲ್ಲಿ ಒಣಭೂಮಿಯ ಊರುಗಳ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಬೆಂಗಳೂರಿಗೆ ಗುಳೆ ಹೋಗಿರುತ್ತವೆ. ಕಾಲುವೆಯ ಕಡೆಗೆ ಕೂಲಿಗೆ ಬಂದವರು ಗದ್ದೆಯಂಚಿನ ಗುಡಿಸಲುಗಳಲ್ಲಿರುತ್ತಾರೆ. ಬಾಗಿಲು ಬಡಿಯುವ ಮೇಷ್ಟ್ರಿಗೆ, ಅಂಗನವಾಡಿ ಕಾರ್ಯಕರ್ತೆಗೆ ಈ ಬೀಗಗಳ ಹಿಂದಿನ ಸಂಸಾರ ಎಲ್ಲಿದೆ ಎಂದು ಹೇಳಬಲ್ಲವರು ಪಕ್ಕದ ಮನೆಯವರು, ಪಂಚಾಯಿತಿ ಸದಸ್ಯರು. ಆ ಮಾಹಿತಿಯನ್ನು ಈಗಿನಿಂದಲೇ ಬರೆದಿಡಲು ಗ್ರಾಮ ಪಂಚಾಯಿತಿಗಳು ಮುಂದಾಗಬೇಕು.