ಚಳಿಗಾಲದ ಶಿಬಿರ: ಬಸ್ಸು ಹತ್ತುವ ಮೊದಲೇ ಆಗಬೇಕಾದ ಕೆಲಸ



ಡಿಸೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ಶಾಲೆಗಳಲ್ಲಿ ಶಿಬಿರದ ಮಾತು ಶುರುವಾಗುತ್ತದೆ. ಮಳೆ ನಿಂತಿರುತ್ತದೆ, ದಾರಿ ಒಣಗಿರುತ್ತದೆ, ರಾತ್ರಿ ಆಕಾಶದಲ್ಲಿ ನಕ್ಷತ್ರ ಚೆನ್ನಾಗಿ ಕಾಣುತ್ತದೆ. ಹಳ್ಳ, ಮರ, ಹಕ್ಕಿಗಳ ಪಾಠವನ್ನು ಅವುಗಳ ಎದುರಿಗೇ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಒಂದು ರಾತ್ರಿ ಮನೆಯಿಂದ ಹೊರಗಿದ್ದು, ತನ್ನ ಹಾಸಿಗೆ ತಾನೇ ಸುತ್ತಿ, ತನ್ನ ತಟ್ಟೆ ತಾನೇ ತೊಳೆದು ಬಂದ ಮಗುವಿನಲ್ಲಿ ಏನೋ ಒಂದು ಧೈರ್ಯ ಮೂಡಿರುತ್ತದೆ. ಆದರೆ ಇದೇ ತಿಂಗಳುಗಳಲ್ಲಿ ಚಳಿಯೂ ಇದೆ, ಮಂಗನ ಕಾಯಿಲೆಯ ಕಾಲವೂ ಆರಂಭವಾಗುತ್ತದೆ. ಆದ್ದರಿಂದ ಶಿಬಿರದ ಅರ್ಧ ಕೆಲಸ ಹೊರಡುವ ಮೊದಲೇ ಮುಗಿದಿರಬೇಕು.

ಮೊದಲು ಪೋಷಕರ ಸಭೆ

ಹೊರಡುವ ಎರಡು ಮೂರು ವಾರ ಮುಂಚೆ ಪೋಷಕರನ್ನು ಕರೆಯಿರಿ. ಕೂಲಿ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ ಸಂಜೆ ಇಟ್ಟುಕೊಳ್ಳಿ. ಎಲ್ಲಿಗೆ ಹೋಗುತ್ತೇವೆ, ಎಲ್ಲಿ ಮಲಗುತ್ತೇವೆ, ಜೊತೆಗೆ ಯಾರು ಇರುತ್ತಾರೆ, ಹತ್ತಿರದ ಆಸ್ಪತ್ರೆ ಯಾವುದು, ಫೋನು ಸಿಗುತ್ತದೆಯೇ, ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ಹೆಣ್ಣುಮಕ್ಕಳಿದ್ದರೆ ಮಹಿಳಾ ಶಿಕ್ಷಕರು ರಾತ್ರಿ ಅಲ್ಲೇ ಇರಬೇಕು. ಇದಾದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ.

ಆಸ್ತಮಾ, ಮೂರ್ಛೆರೋಗ, ದಿನವೂ ನುಂಗುವ ಮಾತ್ರೆ, ಹೊಂದದ ಆಹಾರ, ಇವನ್ನು ಪ್ರತಿಯೊಬ್ಬರಿಂದಲೂ ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಿ. ಸಭೆಯಲ್ಲಿ ಎಲ್ಲರೆದುರು ಕೇಳಿದರೆ ಯಾರೂ ಹೇಳುವುದಿಲ್ಲ.

"ನಾನು ಬರಲ್ಲ" ಅನ್ನುವ ಮಗು

ಪ್ರತಿ ತರಗತಿಯಲ್ಲೂ ಇಬ್ಬರು ಮೂವರು "ನಾನು ಬರಲ್ಲ" ಅನ್ನುತ್ತಾರೆ. ಕಾರಣ ಕೇಳಿದರೆ ಹೊಟ್ಟೆನೋವು, ಅಜ್ಜಿಗೆ ಹುಷಾರಿಲ್ಲ ಅನ್ನುತ್ತಾರೆ. ಹಲವು ಸಲ ನಿಜವಾದ ಕಾರಣ ಬೇರೆ ಇರುತ್ತದೆ. "ಸಿಸ್ಟರ್, ಮನೇಲಿ ಇರೋದೇ ಎರಡು ಕಂಬಳಿ, ಒಂದನ್ನ ಕೊಟ್ಟು ಕಳಿಸಿದ್ರೆ ಚಿಕ್ಕವಕ್ಕೆ ಏನು ಹೊದಿಸಲಿ?" ಎಂದು ಕೇಳುವ ತಾಯಂದಿರಿದ್ದಾರೆ. ಇನ್ನು ಕೆಲವು ಮಕ್ಕಳಿಗೆ ರಾತ್ರಿ ಹಾಸಿಗೆ ಒದ್ದೆಯಾಗುವ ಭಯ. ದೊಡ್ಡ ಹುಡುಗಿಯರಿಗೆ ಮುಟ್ಟಿನ ಚಿಂತೆ.

ಇವೆಲ್ಲಕ್ಕೂ ದಾರಿ ಇದೆ. ಸ್ವೆಟರ್, ಕಂಬಳಿಗಳನ್ನು ಊರಿನಿಂದ ಸಂಗ್ರಹಿಸಿ ಎಲ್ಲರದ್ದನ್ನೂ ಒಟ್ಟಿಗೆ ಇಟ್ಟು, ಎಲ್ಲರಿಗೂ ಒಂದೇ ರೀತಿ ಹಂಚಿ. ಆಗ ಯಾರದು ಸ್ವಂತದ್ದು, ಯಾರದು ಕೊಟ್ಟದ್ದು ಎಂದು ಗೊತ್ತಾಗುವುದಿಲ್ಲ. ಹಾಸಿಗೆ ಒದ್ದೆಮಾಡುವ ಮಗುವನ್ನು ಅಂಚಿನಲ್ಲಿ ಮಲಗಿಸಿ, ಮಧ್ಯರಾತ್ರಿ ಸದ್ದಿಲ್ಲದೆ ಎಬ್ಬಿಸಿ ಕರೆದುಕೊಂಡು ಹೋಗಿ. ಪ್ಯಾಡುಗಳು ಶಿಕ್ಷಕಿಯ ಚೀಲದಲ್ಲಿ ಇರಲಿ, ಬಕೆಟ್ಟು, ಬಾಗಿಲಿರುವ ಸ್ನಾನದ ಜಾಗ ಇದೆಯೇ ಎಂದು ಮೊದಲೇ ನೋಡಿ ಬನ್ನಿ. ಹೊದಿಕೆ ಇಲ್ಲ ಎಂಬ ಕಾರಣಕ್ಕೆ ಒಂದು ಮಗುವೂ ಹಿಂದೆ ಉಳಿಯಬಾರದು.

ಚಳಿ ಎಲ್ಲಿಂದ ಬರುತ್ತದೆ?

ಮಲೆನಾಡಿನಲ್ಲಿ ಹಗಲು ಬೆವರುವಷ್ಟು ಬಿಸಿಲಿದ್ದರೂ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಮಕ್ಕಳಿಗೆ ಇಷ್ಟನ್ನು ಕಲಿಸಿ:

1. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಮೇಲು. ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತದೆ.

2. ಬೆವರಿಗೆ ಒದ್ದೆಯಾದ ಹತ್ತಿಬಟ್ಟೆ ಮೈಶಾಖವನ್ನು ಎಳೆದುಬಿಡುತ್ತದೆ. ಸಂಜೆ ಆಟ ಮುಗಿದ ಕೂಡಲೇ ಒಣಬಟ್ಟೆ, ಒಣ ಸಾಕ್ಸ್.

3. ಚಳಿ ನೆಲದಿಂದಲೂ ಬರುತ್ತದೆ. ಮೇಲೆ ಎರಡು ಕಂಬಳಿ ಹೊದ್ದು ಬರೀ ಸಿಮೆಂಟು ನೆಲದ ಮೇಲೆ ಮಲಗಿದರೆ ಏನು ಪ್ರಯೋಜನ? ಕೆಳಗೆ ಗೋಣಿಚೀಲ, ಅದರ ಮೇಲೆ ಹಳೆಯ ಪತ್ರಿಕೆಗಳ ಪದರ, ಮೇಲೆ ಚಾಪೆ ಹಾಸಿ.

4. ಕಿವಿ, ತಲೆಗೆ ಮಫ್ಲರ್. ಮಲಗುವ ಮುಂಚೆ ಹೊಟ್ಟೆ ತುಂಬ ಬಿಸಿ ಊಟ.

ನಡುಗುತ್ತಿರುವ ಮಗು ತೊದಲಲು, ಎಡವಲು ಶುರುಮಾಡಿದರೆ ಅದು ಅಪಾಯದ ಸೂಚನೆ. ಒಣಬಟ್ಟೆ ತೊಡಿಸಿ, ಹೊದಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್‌ಗೆ 108.

ಬೆಂಕಿ ಹೊರಗೆ ಮಾತ್ರ

ಕೆಂಡ ತುಂಬಿದ ಬಾಣಲೆಯನ್ನು ಮಲಗುವ ಕೋಣೆಗೆ ತಂದಿಡುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ, ಜೀವ ಹೋಗುತ್ತದೆ. ಶಿಬಿರಾಗ್ನಿ ಬಯಲಿನಲ್ಲಿ, ತರಗೆಲೆ ಗುಡಿಸಿದ ಜಾಗದಲ್ಲಿ ಇರಲಿ, ಪಕ್ಕದಲ್ಲಿ ನೀರಿನ ಬಕೆಟ್ಟುಗಳಿರಲಿ. ನೈಲಾನ್ ಜಾಕೆಟ್, ದುಪಟ್ಟಾ ತೊಟ್ಟವರು ದೂರ ಕೂರಲಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ. ಪೇಸ್ಟು, ಮಸಿ ಯಾವುದೂ ಬೇಡ.

ಉಣುಗಿನ ಬಗ್ಗೆ ಎಚ್ಚರ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗು, ಅಂದರೆ ಉಣ್ಣಿ ಕಚ್ಚುವುದರಿಂದ ಬರುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಟ. ತಗುಲಿದ 100 ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ.

ಜಾಗ ನಿಶ್ಚಯಿಸುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಹತ್ತಿರದಲ್ಲಿ ಮಂಗ ಸತ್ತಿದೆ ಎಂದರೆ ಅಲ್ಲಿಗೆ ಹೋಗಲೇಬೇಡಿ, ಬೇರೆ ಜಾಗ ನೋಡಿ. ಕಾಡಂಚಿಗೆ ಹೋಗುವಾಗ ತುಂಬುತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕರೆ ಅವರು ಹೇಳಿದಂತೆ ಹಚ್ಚಿ. ತರಗೆಲೆ ಮೇಲೆ ಕೂರುವುದು, ಉರುಳುವುದು ಬೇಡ. ಮರಳಿದ ಮೇಲೆ ಬಿಸಿನೀರು, ಸೋಪಿನ ಸ್ನಾನ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಲು ಮಕ್ಕಳಿಗೆ ಕಲಿಸಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ.

ಮನೆಗೆ ಬಂದ ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ "ಶಿಬಿರಕ್ಕೆ ಹೋಗಿತ್ತು" ಎಂದು ವೈದ್ಯರಿಗೆ ಮರೆಯದೆ ಹೇಳಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ಜ್ವರ ಬಂದ ಮಗುವನ್ನು ದೂರ ಕೂರಿಸುವುದು ಸಲ್ಲದು.

ಒಂದು ರಾತ್ರಿಯ ಅಭ್ಯಾಸ

ಹೊರಡುವ ವಾರದಲ್ಲಿ ಶಾಲೆಯ ಕೋಣೆಯಲ್ಲೇ ಒಂದು ರಾತ್ರಿ ಮಲಗಿಸಿ ನೋಡಿ. ಯಾರಿಗೆ ಹೊದಿಕೆ ಸಾಲದು, ಯಾರಿಗೆ ಕತ್ತಲೆಂದರೆ ಅಂಜಿಕೆ, ಯಾರು ಅಮ್ಮನ ನೆನಪಲ್ಲಿ ಅಳುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಮನೆ ಪಕ್ಕದಲ್ಲೇ ಇರುವುದರಿಂದ ಸರಿಪಡಿಸಲೂ ಸುಲಭ. ಇಬ್ಬಿಬ್ಬರನ್ನು ಜೋಡಿ ಮಾಡಿ, ರಾತ್ರಿ ಹೊರಗೆ ಹೋಗಬೇಕಾದರೆ ಜೊತೆಗಾರರನ್ನೂ ಶಿಕ್ಷಕರನ್ನೂ ಎಬ್ಬಿಸುವ ನಿಯಮ ಇರಲಿ. ಯಾರಾದರೂ ಮುಟ್ಟಬಾರದ ರೀತಿ ಮುಟ್ಟಿದರೆ ಯಾರಿಗೆ ಹೇಳಬೇಕು, 1098ಕ್ಕೆ ಕರೆ ಮಾಡಬಹುದು ಎಂಬುದನ್ನೂ ಅಂದೇ ತಿಳಿಸಿ.

ಪೋಷಕರೇ, ನಿಮ್ಮ ಶಾಲೆಯಲ್ಲಿ ಈ ಸಲ ಶಿಬಿರವಿದ್ದರೆ ಈ ಹಾಳೆಯನ್ನು ಹಿಡಿದುಕೊಂಡು ಸಭೆಗೆ ಹೋಗಿ, ಒಂದೊಂದಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಉತ್ತರ ಸಮಾಧಾನವಾದರೆ ಮಗುವನ್ನು ಧೈರ್ಯವಾಗಿ ಕಳಿಸಿಕೊಡಿ.