ಗರಾಜಿನಲ್ಲಿ ಕಾರಿಗೆ ಜಾಗ ಇದೆಯೇ?

ಆಯುಧಪೂಜೆಗೆ ಕಾರು ತೊಳೆದು ಕುಂಕುಮ ಹಚ್ಚುತ್ತೀರಿ, ಸರಿ. ಆದರೆ ನಮ್ಮ ಡಬ್ಲಿನ್‌ನ ಎಷ್ಟೋ ಮನೆಗಳಲ್ಲಿ ಗರಾಜು ಸೂಟ್‌ಕೇಸುಗಳದ್ದು, ಕಾರು ಬೀದಿಯಲ್ಲಿ! ಊರಿಂದ ಬರುವಾಗ 23 ಕಿಲೋದ ಪೆಟ್ಟಿಗೆಗಳನ್ನು ತುಂಬಿ ತರುತ್ತೇವೆ; ಹೊರಗೆ ಹೋಗುವುದು ಮಾತ್ರ ಏನೂ ಇಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಒಂದು ಶನಿವಾರ ಒಂದೇ ಕಪಾಟು ಖಾಲಿ ಮಾಡಿ, ಇಡೀ ಮನೆ ಬೇಡ. ಮಕ್ಕಳು ಮಲಗಿದ ಮೇಲೆ ಅವರ ಆಟಿಕೆಗಳನ್ನು ಕದ್ದು ಸಾಗಿಸಬೇಡಿ. ಕೇಳಿ, ಅವರ ಕೈಯಿಂದಲೇ ಕೊಡಿಸಿ. ಮಕ್ಕಳೇ, ಓದಿ ಮುಗಿಸಿದ ಕನ್ನಡ ಪುಸ್ತಕಗಳನ್ನು ಕೆಳಗಿನ ತರಗತಿಯವರಿಗೆ ತನ್ನಿ. ಅಜ್ಜಿಯ ಸೀರೆ ಇರಲಿ, ಅದು ಲೆಕ್ಕಕ್ಕಿಲ್ಲ.

ಹಳೆಯ ಬ್ಯಾಟರಿ, ಟ್ಯೂಬ್‌ಲೈಟುಗಳನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2006ರಿಂದಲೇ ನಿಷೇಧ. ಪಕ್ಕದ ಲಿವರ್‌ಮೋರ್‌ನಲ್ಲಿರುವ ಕೌಂಟಿ ಕೇಂದ್ರದಲ್ಲಿ ಅವನ್ನು ಉಚಿತವಾಗಿ ತೆಗೆದುಕೊಳ್ಳುತ್ತಾರೆ. ಹೊರಡುವ ಮೊದಲು ಯಾವ ದಿನ ತೆರೆದಿರುತ್ತದೆಂದು ನೋಡಿಕೊಳ್ಳಿ.